ಟಿಎಂಟಿ ಟ್ರೆಡ್‌ಮಿಲ್: ತೂಕದವರು ಹತ್ತಿದರೆ ಬೆಲ್ಟ್ ತಡವರಿಸುತ್ತದೆ, ಡ್ರೈವ್ ಟ್ರಿಪ್ ಆಗುತ್ತದೆ

ಸ್ಟ್ರೆಸ್‌ಲ್ಯಾಬ್ ಕೇಳಿದ್ದು (ಇಲ್ಲಿ ಕೇಳುವವರೂ ಉತ್ತರಿಸುವವರೂ ಅಡ್ಡಹೆಸರಿನಲ್ಲಿ ಬರೆದಿದ್ದಾರೆ):

ನಮಸ್ಕಾರ. ಹೃದಯದ ಸ್ಟ್ರೆಸ್ ಟೆಸ್ಟಿಗೆ (ಟಿಎಂಟಿ) ಬಳಸುವ ಟ್ರೆಡ್‌ಮಿಲ್ ಇದು. 1.5 ಕಿಲೋವ್ಯಾಟ್ 3 ಫೇಸ್ ಮೋಟರ್, ಅದನ್ನು ಓಡಿಸಲು 230 ವೋಲ್ಟ್ ಸಿಂಗಲ್ ಫೇಸ್ ವಿಎಫ್‌ಡಿ ಡ್ರೈವ್ (ಮೋಟರಿನ ವೇಗ ಹಿಡಿತದಲ್ಲಿಡುವ ಪೆಟ್ಟಿಗೆ), ಇಸಿಜಿ ಕಂಪ್ಯೂಟರಿನಿಂದ ಆರ್‌ಎಸ್-232 ಕೇಬಲ್ ಮೂಲಕ ಹಿಡಿತ. ಸದ್ಯಕ್ಕೆ ರೋಗಿಗಳನ್ನು ಹತ್ತಿಸುವುದನ್ನು ನಿಲ್ಲಿಸಿ ಚೀಟಿ ಅಂಟಿಸಿದ್ದೇವೆ.

ತೊಂದರೆ ಹೀಗಿದೆ. ಖಾಲಿ ಓಡಿಸಿದರೆ ಗಡಿಯಾರದಂತೆ ಓಡುತ್ತದೆ. 60 ಕೆಜಿಯವರು ನಡೆದರೂ ಹೆಚ್ಚೇನೂ ಗೊತ್ತಾಗುವುದಿಲ್ಲ. 85–90 ಕೆಜಿಯವರು ನಡೆದರೆ ಮಾತ್ರ ಹಿಮ್ಮಡಿ ಊರಿದಾಗಲೆಲ್ಲ ಬೆಲ್ಟ್ ಒಂದು ಕ್ಷಣ ಹಿಡಿದುಕೊಂಡು ಆಮೇಲೆ ಮುಂದೆ ಹೋಗುತ್ತದೆ. ಕೆಲವೊಮ್ಮೆ ಡ್ರೈವ್ ಓವರ್‌ಕರೆಂಟ್ ತೋರಿಸಿ ನಿಂತೇಬಿಡುತ್ತದೆ. ವಿಚಿತ್ರವೆಂದರೆ ಇದು ಆಗುವುದು ಶುರುವಿನ ಸಮತಟ್ಟು ನಡಿಗೆಯಲ್ಲಿ ಮತ್ತು ಬ್ರೂಸ್ ಪ್ರೋಟೊಕಾಲಿನ (ಹಂತ ಹಂತವಾಗಿ ವೇಗ, ಏರು ಹೆಚ್ಚಿಸುವ ಪರೀಕ್ಷಾ ಕ್ರಮ) ಮೊದಲ ಹಂತದಲ್ಲಿ. ವೇಗವೂ ಏರೂ ಹೆಚ್ಚಾದ 3ನೇ, 4ನೇ ಹಂತದಲ್ಲಿ ತೊಂದರೆ ಕಡಿಮೆ. ಹೊರೆ ಹೆಚ್ಚಾದಾಗ ಅಲ್ಲವೇ ಟ್ರಿಪ್ ಆಗಬೇಕಾದ್ದು?

ಈವರೆಗೆ ಎರಡು ಸಲ ಹಿಂದಿನ ರೋಲರಿನ ಬೋಲ್ಟ್ ಬಿಗಿ ಮಾಡಲಾಗಿದೆ. ಪ್ರತಿ ಸಲ ಕೆಲವು ದಿನ ಪರವಾಗಿಲ್ಲ ಅನ್ನಿಸಿ ಮತ್ತೆ ಅದೇ ಕಥೆ. ಈಗ ಬೆಲ್ಟಿನ ಕೆಳಗೆ ಸಿಲಿಕೋನ್ ಎಣ್ಣೆ ಬಿಡಿ, ಡ್ರೈವಿನ ಕರೆಂಟ್ ಮಿತಿ ಸ್ವಲ್ಪ ಏರಿಸಿ ಎಂಬ ಸಲಹೆ ಬಂದಿದೆ. ಇವೆರಡೂ ಸರಿಯೇ? ಯಾವ ಕ್ರಮದಲ್ಲಿ ಹುಡುಕಿದರೆ ಒಳ್ಳೆಯದು? ರಿಪೇರಿ ಆದ ಮೇಲೆ ಮತ್ತೆ ರೋಗಿಯನ್ನು ಹತ್ತಿಸುವ ಮುಂಚೆ ಏನೇನು ಅಳೆದಿರಬೇಕು?

---

ಮುಂದಿನ ರೋಲರ್:

ಕರೆಂಟ್ ಮಿತಿಯನ್ನು ದಯವಿಟ್ಟು ಮುಟ್ಟಬೇಡಿ. ಮೋಟರ್ ಯಾವುದರ ವಿರುದ್ಧ ಒದ್ದಾಡುತ್ತಿದೆಯೋ ಅದನ್ನು ಡ್ರೈವ್ ನಿಮಗೆ ಹೇಳುತ್ತಿದೆ. ಮಿತಿ ಏರಿಸಿದರೆ ಟ್ರಿಪ್ ನಿಲ್ಲಬಹುದು, ಆದರೆ ಆ ಶಾಖ ಮೋಟರ್ ಸುರುಳಿಗೂ ಡ್ರೈವಿನ ಟ್ರಾನ್ಸಿಸ್ಟರುಗಳಿಗೂ ಹೋಗುತ್ತದೆ. ಬೆಲ್ಟನ್ನೂ ಇನ್ನು ಬಿಗಿ ಮಾಡಬೇಡಿ. ಅತಿ ಬಿಗಿಯಾದ ಬೆಲ್ಟ್ ರೋಲರಿನ ಬೇರಿಂಗ್ ತಿನ್ನುತ್ತದೆ, ಕರೆಂಟನ್ನೂ ಏರಿಸುತ್ತದೆ.

ಕವರ್ ಬಿಚ್ಚುವ ಮುಂಚಿನ ಮಾತು. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತು ಕಣ್ಣೆದುರಿಗೇ ಇಟ್ಟುಕೊಳ್ಳಿ. ದೂರದ ಸಾಕೆಟ್ ಆದರೆ ಬೀಗ ಹಾಕಿ ಚೀಟಿ ಕಟ್ಟಿ. 230 ವೋಲ್ಟ್ ಎಸಿಯನ್ನು ಡಿಸಿ ಮಾಡಿದಾಗ ಡ್ರೈವಿನ ಕೆಪಾಸಿಟರುಗಳಲ್ಲಿ ಸುಮಾರು 325 ವೋಲ್ಟ್ ನಿಲ್ಲುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ಡ್ರೈವಿನ ಮೇಲೆ ಎಷ್ಟು ನಿಮಿಷ ಕಾಯಬೇಕೆಂದು ಬರೆದಿರುತ್ತದೆ. ಬರಹ ಅಳಿಸಿಹೋಗಿದ್ದರೆ 10 ನಿಮಿಷ ಕಾಯಿರಿ. ಆಮೇಲೂ ನಂಬಬೇಡಿ: ಮೀಟರನ್ನು ಜೀವ (ವಿದ್ಯುತ್) ಇರುವ ಕಡೆ ಒಮ್ಮೆ ಪರೀಕ್ಷಿಸಿ, ಡ್ರೈವಿನ ಡಿಸಿ ಪ್ಲಸ್–ಮೈನಸ್ ನಡುವೆ ಅಳೆಯಿರಿ, ಮತ್ತೆ ಜೀವ ಇರುವ ಕಡೆ ಮೀಟರ್ ಸರಿ ಇದೆಯೇ ನೋಡಿ. ಸೊನ್ನೆಯ ಹತ್ತಿರ ಬಂದ ಮೇಲೆಯೇ ಕೈ. ಕೊರಳಲ್ಲಿ ಐಡಿ ಕಾರ್ಡಿನ ಪಟ್ಟಿ ಇದ್ದರೆ ತೆಗೆದಿಡಿ, ಕವರ್ ಇಲ್ಲದ ಪುಲ್ಲಿಗೆ ಮೊದಲು ಸಿಕ್ಕಿಹಾಕಿಕೊಳ್ಳುವುದು ಅದೇ. ಏರು ಎತ್ತುವ ಆಕ್ಚುವೇಟರಿನ ಪಿನ್ ಬಿಚ್ಚುವುದಿದ್ದರೆ ಫ್ರೇಮಿನ ಕೆಳಗೆ ಗಟ್ಟಿ ಆಸರೆ ಕೊಡಿ. ಆ ಪಿನ್ ಒಂದೇ ಇಡೀ ಮುಂಭಾಗವನ್ನು ಹೊತ್ತಿರುತ್ತದೆ.

ಇನ್ನು ಹುಡುಕುವ ಕ್ರಮ. ಮುಂದಿನ ರೋಲರಿನ ತುದಿಗೆ ಮತ್ತು ಮೋಟರ್ ಪುಲ್ಲಿಗೆ ಬಿಳಿ ಪೇಂಟಿನ ಒಂದೊಂದು ಚುಕ್ಕೆ ಇಡಿ. ಗಂಟೆಗೆ 2 ಕಿಮೀ ವೇಗದಲ್ಲಿ ಓಡಿಸಿ, 85 ಕೆಜಿ ಆಸುಪಾಸಿನ ಸಹೋದ್ಯೋಗಿಯೊಬ್ಬರು ಎರಡೂ ಕೈಯಲ್ಲಿ ಕಂಬಿ ಹಿಡಿದು ನಡೆಯುತ್ತ ಹಿಮ್ಮಡಿ ಊರಿ ಬೆಲ್ಟನ್ನು ತಡೆಯಲು ಯತ್ನಿಸಲಿ. ಇನ್ನೊಬ್ಬರು ದೂರ ನಿಂತು ಚುಕ್ಕೆಗಳನ್ನು ನೋಡಲಿ.

ಬೆಲ್ಟ್ ನಿಂತು ಮುಂದಿನ ರೋಲರ್ ತಿರುಗುತ್ತಲೇ ಇದ್ದರೆ ನಡೆಯುವ ಬೆಲ್ಟ್ ಜಾರುತ್ತಿದೆ. ಬೆಲ್ಟೂ ರೋಲರೂ ನಿಂತು ಮೋಟರ್ ಪುಲ್ಲಿ ಮಾತ್ರ ತಿರುಗಿದರೆ ಅವೆರಡರ ನಡುವಿನ ಗೀರುಪಟ್ಟಿ, ಅಂದರೆ ಪಾಲಿ-ವಿ ಬೆಲ್ಟ್ ಜಾರುತ್ತಿದೆ. ಮೂರೂ ಒಟ್ಟಿಗೇ ನಿಧಾನವಾದರೆ ಜಾರಿಕೆ ಎಲ್ಲೂ ಇಲ್ಲ, ಮೋಟರಿಗೇ ಭಾರವಾಗುತ್ತಿದೆ. ನಿಮ್ಮ ಲಕ್ಷಣ ನೋಡಿದರೆ ಮೂರನೆಯದೇ ಇರಬೇಕು, ಆದರೂ ಮಾಡಿ ನೋಡಿ. ಖಾಲಿ ಓಡುವಾಗಲೂ ತಡವರಿಸಿದ್ದರೆ ನಾನು ವೇಗದ ಸೆನ್ಸರನ್ನೂ ಅದರ ಅಯಸ್ಕಾಂತದ ಅಂತರವನ್ನೂ ಮೊದಲು ನೋಡಿ ಅನ್ನುತ್ತಿದ್ದೆ. ಇಲ್ಲಿ ಅದು ಬೇಡ.

ಏರಿನಲ್ಲಿ ತೊಂದರೆ ಕಡಿಮೆ ಏಕೆ ಎಂದರೆ, ಏರಿಸಿದ ಡೆಕ್ಕಿನ (ಬೆಲ್ಟಿನ ಕೆಳಗಿನ ಹಲಗೆ) ಮೇಲೆ ನಿಂತವರ ತೂಕದ ಒಂದು ಪಾಲು ಬೆಲ್ಟನ್ನು ಅದು ಓಡುವ ದಿಕ್ಕಿಗೇ, ಕೆಳಗೆ, ಎಳೆಯುತ್ತದೆ. 90 ಕೆಜಿಯವರು 10% ಏರಿನಲ್ಲಿದ್ದರೆ ಆ ಎಳೆತ ಸುಮಾರು 88 ನ್ಯೂಟನ್, ಹೆಚ್ಚುಕಡಿಮೆ 9 ಕೆಜಿ ತೂಕ ತೂಗಿಬಿಟ್ಟಂತೆ. ಅಷ್ಟು ಕೆಲಸ ಮೋಟರಿಗೆ ಉಳಿಯಿತು. ವೇಗದ್ದು ಬೇರೆ ಲೆಕ್ಕ: 8 ಕಿಮೀಯಲ್ಲಿ ತಿರುಗುವ ಫ್ಲೈವೀಲಿನಲ್ಲಿ 2.7 ಕಿಮೀಗಿಂತ ಸುಮಾರು 9 ಪಟ್ಟು ಶಕ್ತಿ ಇರುತ್ತದೆ, ಹಿಮ್ಮಡಿಯ ಹೊಡೆತವನ್ನು ಅದೇ ನುಂಗುತ್ತದೆ. ಕಡಿಮೆ ಫ್ರೀಕ್ವೆನ್ಸಿಯಲ್ಲಿ ಮೋಟರಿನ ತಿರುಚುಬಲವೂ ಸೊರಗುತ್ತದೆ. ಹಾಗಾಗಿ ಡೆಕ್ಕಿನ ಘರ್ಷಣೆ ಬಯಲಾಗುವುದು ಸಮತಟ್ಟು, ನಿಧಾನ ನಡಿಗೆ, ಭಾರದ ಮನುಷ್ಯ ಈ ಮೂರೂ ಸೇರಿದಾಗ. ನಿಮ್ಮ ಯಂತ್ರ ಉಲ್ಟಾ ವರ್ತಿಸುತ್ತಿಲ್ಲ.

ಮಾಡಬೇಕಾದ ಅಳತೆ: 0% ಏರು, 2.7 ಕಿಮೀ, ಡ್ರೈವಿನ ಡಿಸ್‌ಪ್ಲೇಯಲ್ಲಿ ಔಟ್‌ಪುಟ್ ಕರೆಂಟ್. ಖಾಲಿ ಒಮ್ಮೆ, 85–90 ಕೆಜಿಯೊಂದಿಗೆ ಒಮ್ಮೆ, ಅದೇ ತೂಕದಲ್ಲಿ 10% ಏರಿನಲ್ಲಿ ಒಮ್ಮೆ. ಸಾಮಾನ್ಯ ಕ್ಲಾಂಪ್ ಮೀಟರನ್ನು ಡ್ರೈವ್–ಮೋಟರ್ ನಡುವಿನ ತಂತಿಗೆ ಹಾಕಿದರೆ ಆ ತರಂಗಕ್ಕೆ ಅದು ಸುಳ್ಳು ಹೇಳುತ್ತದೆ, ಡ್ರೈವಿನ ಓದನ್ನೇ ಬರೆದುಕೊಳ್ಳಿ.

---

ಮೇಣದ ಡೆಕ್:

ಮೇಲಿನದೆಲ್ಲ ಒಪ್ಪಿದೆ. ಸಿಲಿಕೋನ್ ವಿಷಯ ಮಾತ್ರ ಬಿಡಿಸಿ ಹೇಳಬೇಕು, ಅತಿ ಹೆಚ್ಚು ಯಂತ್ರಗಳು ಕೆಡುವುದು ಇಲ್ಲೇ.

ಡೆಕ್ಕುಗಳಲ್ಲಿ ಎರಡು ಜಾತಿ. ಕೆಲವಕ್ಕೆ ಕಾಲಕಾಲಕ್ಕೆ ಶುದ್ಧ ಸಿಲಿಕೋನ್ ಎಣ್ಣೆ ಬಿಡಲೇಬೇಕು. ಇನ್ನು ಕೆಲವಕ್ಕೆ ಕಾರ್ಖಾನೆಯಲ್ಲೇ ಮೇಣ ಹತ್ತಿಸಿರುತ್ತಾರೆ, ಆಸ್ಪತ್ರೆ ಯಂತ್ರಗಳಲ್ಲಿ ಇವು ಬಹಳ. ಮೇಣದ ಡೆಕ್ಕಿಗೆ ಸಿಲಿಕೋನ್ ಬಿಟ್ಟರೆ ಎರಡೂ ಬೆರೆತು ಬೂದು ಬಣ್ಣದ ಅಂಟು ಆಗುತ್ತದೆ. ಆ ಅಂಟು ರೋಲರಿಗೆ ಮೆತ್ತಿಕೊಂಡು ಬೆಲ್ಟ್ ಒಂದು ಕಡೆ ಎಳೆಯತೊಡಗುತ್ತದೆ, ಮುಂದಿನ ರೋಲರಿನಲ್ಲಿ ಜಾರುತ್ತದೆ. ಆಗ ಯಾರೋ ಬೆಲ್ಟ್ ಬಿಗಿ ಮಾಡುತ್ತಾರೆ. ಅಲ್ಲಿಂದ ಬೇರಿಂಗ್. ಸರ್ವಿಸ್ ಪುಸ್ತಕದಲ್ಲಿ ನಿಮ್ಮ ಡೆಕ್ ಯಾವ ಜಾತಿ ಎಂದು ಓದುವ ತನಕ ಒಂದು ಹನಿಯೂ ಬೇಡ. ತುಕ್ಕು ಬಿಡಿಸುವ ಸ್ಪ್ರೇ, ಗ್ರೀಸು, ಹೊಲಿಗೆ ಯಂತ್ರದ ಎಣ್ಣೆ ಯಾವುದಕ್ಕೂ ಯಾವತ್ತೂ ಬೇಡ, ಬೆಲ್ಟಿನ ಪದರವೇ ಬಿಟ್ಟುಕೊಳ್ಳುತ್ತದೆ.

ಡೆಕ್ಕಿನ ಸ್ಥಿತಿ ತಿಳಿಯಲು ಉಪಕರಣ ಬೇಡ, ಕೈ ಸಾಕು. ಪ್ಲಗ್ ಕಿತ್ತ ಮೇಲೆ ಬೆಲ್ಟನ್ನು ಬದಿಯಿಂದ ಎತ್ತಿ ಅಂಗೈ ಒಳಗೆ ಹಾಕಿ. ಅಂಚಿನಿಂದ ನಡುವಿಗೆ ನಿಧಾನಕ್ಕೆ ಸವರಿ. ಅಂಚಿನಲ್ಲಿ ಯಾರೂ ಕಾಲಿಡುವುದಿಲ್ಲವಾದ್ದರಿಂದ ಅಲ್ಲಿ ಸೋಪಿನ ಬಿಲ್ಲೆ ಮುಟ್ಟಿದಂತೆ ನುಣುಪು ಇರುತ್ತದೆ. ನಡುವಿನಿಂದ ಮುಂದಕ್ಕೆ, ಹಿಮ್ಮಡಿ ಬೀಳುವ ಎರಡು ಜಾಡಿನಲ್ಲಿ, ಬೆರಳು ತಡೆದರೆ, ತಗ್ಗು ಸಿಕ್ಕರೆ ಅಥವಾ ಮರದ ನಾರು ತಗುಲಿದರೆ ಡೆಕ್ ಮುಗಿಯಿತು. ಬೆಲ್ಟಿನ ಒಳಮೈಯನ್ನೂ ನೋಡಿ: ಬಟ್ಟೆಯ ನೇಯ್ಗೆ ಕಾಣಬೇಕು. ಕಪ್ಪಾಗಿ, ಗಟ್ಟಿಯಾಗಿ, ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಬೆಲ್ಟೂ ಮುಗಿದಿದೆ.

---

ಸ್ಟ್ರೆಸ್‌ಲ್ಯಾಬ್:

ಇಬ್ಬರಿಗೂ ವಂದನೆ. ಹೇಳಿದ ಕ್ರಮದಲ್ಲೇ ಅಳೆದೆವು.

ಹಿಮ್ಮಡಿ ಪರೀಕ್ಷೆಯಲ್ಲಿ ಬೆಲ್ಟ್, ರೋಲರ್, ಮೋಟರ್ ಪುಲ್ಲಿ ಮೂರೂ ಒಟ್ಟಿಗೆ ನಿಧಾನವಾಗುತ್ತವೆ. 2.7 ಕಿಮೀ, 0% ಏರಿನಲ್ಲಿ ಡ್ರೈವಿನ ಓದು: ಖಾಲಿ 2.9 ಆಂಪಿಯರ್, 88 ಕೆಜಿಯೊಂದಿಗೆ 7.8, ಹಿಮ್ಮಡಿ ಊರಿದಾಗ 9ರ ಮೇಲೆ. ಅದೇ ವ್ಯಕ್ತಿ 10% ಏರಿನಲ್ಲಿ 5.7. ಮೋಟರಿನ ಫಲಕದಲ್ಲಿ 6.2 ಆಂಪಿಯರ್ ಎಂದಿದೆ.

ಅಂಗೈ ಪರೀಕ್ಷೆಯಲ್ಲಿ ಎಡ ಜಾಡು ಒರಟು, ಬಲಗಡೆ ಸ್ವಲ್ಪ ಉತ್ತಮ. ಬೆಲ್ಟಿನ ಒಳಮೈ ಹೊಳೆಯುತ್ತಿದೆ. ಸರ್ವಿಸ್ ಪುಸ್ತಕದ ಪ್ರಕಾರ ಮೇಣದ ಡೆಕ್, ಎರಡೂ ಮೈ ಬಳಸಬಹುದಾದದ್ದು, ಇನ್ನೊಂದು ಮೈ ಈವರೆಗೆ ಬಳಸಿಲ್ಲ. ಡೆಕ್ ತಿರುಗಿಸಿ ಹಳೆಯ ಬೆಲ್ಟನ್ನೇ ಹಾಕಬಹುದೇ?

---

ಮೇಣದ ಡೆಕ್:

ಬೇಡ. ಗಟ್ಟಿಯಾದ ಹಳೆಯ ಬೆಲ್ಟ್ ಹೊಸ ಮೈಯ ಮೇಣವನ್ನು ಕೆರೆದುಹಾಕುತ್ತದೆ. ಎರಡನೇ ಮೈ ಒಂದೇ ಸಲ ಸಿಗುವಂಥದ್ದು, ಅದನ್ನು ಹಳೆಯ ಬೆಲ್ಟಿಗೆ ಬಲಿ ಕೊಡಬೇಡಿ. ಡೆಕ್ ತಿರುಗಿಸಿ, ಬೆಲ್ಟ್ ಹೊಸದು ಹಾಕಿ.

ಕೆಲಸಕ್ಕೆ ಇಬ್ಬರು ಬೇಕು. ಬಿಚ್ಚುವ ಮುಂಚೆ ಹಿಂದಿನ ರೋಲರಿನ ಎರಡು ಬೋಲ್ಟುಗಳ ಸ್ಥಾನವನ್ನು ಫ್ರೇಮಿನ ಮೇಲೆ ಗೀರಿ, ಫೋಟೊ ತೆಗೆಯಿರಿ. ಬಿಚ್ಚುವಾಗ ಎಷ್ಟು ಸುತ್ತು ಎಂದು ಎಣಿಸಿ, ಎಡ ಬಲ ಎರಡೂ ಅಷ್ಟಷ್ಟೇ. ಹಿಂದಿನ ರೋಲರ್ ತೆಗೆದು, ಪಾಲಿ-ವಿ ಬೆಲ್ಟ್ ಕಳಚಿ, ಮುಂದಿನ ರೋಲರನ್ನು ವೇಗ ಸೆನ್ಸರಿಗೆ ತಾಗದಂತೆ ಎತ್ತಿ. ರೋಲರ್ ಕೈಯಲ್ಲಿದ್ದಾಗ ಬೇರಿಂಗನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿ. ಮರಳಿನ ಸದ್ದು ಬಂದರೆ ಈಗಲೇ ಬದಲಿಸಿ. ಎರಡು ಸಲ ಬಿಗಿ ಮಾಡಿದ ಯಂತ್ರ ಇದು, ಬೇರಿಂಗಿನ ಮೇಲೆ ನನಗೆ ಅನುಮಾನವಿದೆ. ರೋಲರಿನ ಮೈಗೆ ಮೆತ್ತಿದ ಕಪ್ಪು ಪದರವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ. ಚಾಕು, ಮರಳು ಕಾಗದ ಬೇಡ.

ಡೆಕ್ ತಿರುಗಿಸಿ ಕೂರಿಸುವಾಗ ಸ್ಕ್ರೂಗಳ ತಲೆ ಮೇಲ್ಮೈಗಿಂತ ಕೆಳಗೆ ಹೋಗಿರಬೇಕು. ಕೂದಲೆಳೆಯಷ್ಟು ಮೇಲಿದ್ದರೂ ಹೊಸ ಬೆಲ್ಟ್ ಸೀಳುತ್ತದೆ. ಕೆಳಗಿನ ರಬ್ಬರ್ ಮೆತ್ತೆಗಳಲ್ಲಿ ಬಿರುಕಿದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿ, ಇಲ್ಲವಾದರೆ ಡೆಕ್ ಓರೆಯಾಗಿ ಕೂರುತ್ತದೆ. ಹೊಸ ಬೆಲ್ಟಿನ ಒಳಗೆ ದಿಕ್ಕಿನ ಬಾಣ ಇದ್ದರೆ ಅದನ್ನು ಪಾಲಿಸಿ, ಜೋಡಣೆಯ ಅಂಚು ಹಿಮ್ಮುಖವಾಗಿ ಓಡಬಾರದು.

ಬಿಗಿ ಎಷ್ಟಿರಬೇಕು ಎನ್ನುವುದಕ್ಕೆ ಪುಸ್ತಕದಲ್ಲಿ ಅಳತೆ ಕೊಟ್ಟಿದ್ದರೆ ಅದೇ ಅಂತಿಮ. ಕೊಟ್ಟಿಲ್ಲವಾದರೆ ಬೆಲ್ಟ್ ಜಾರದಷ್ಟು ಬಿಗಿ ಸಾಕು, ಅದಕ್ಕಿಂತ ಒಂದು ಸುತ್ತೂ ಹೆಚ್ಚು ಬೇಡ. ಕಾಲು ಕಾಲು ಸುತ್ತು, ಎರಡೂ ಕಡೆ ಸಮನಾಗಿ ಬಿಗಿ ಮಾಡುತ್ತ ಪ್ರತಿ ಸಲ ಹಿಮ್ಮಡಿ ಪರೀಕ್ಷೆ ಮಾಡಿ. ನೇರ ಮಾಡುವಾಗ 4–5 ಕಿಮೀ ವೇಗದಲ್ಲಿ ಖಾಲಿ ಓಡಿಸಿ. ಬೆಲ್ಟ್ ಎಡಕ್ಕೆ ಸರಿದರೆ ಎಡ ಬೋಲ್ಟನ್ನು ಕಾಲು ಸುತ್ತು ಬಿಗಿ, ಬಲಕ್ಕೆ ಸರಿದರೆ ಬಲದ್ದು. ಕಾಲು ಸುತ್ತು ತಿರುಗಿಸಿದ ಕೂಡಲೇ ಏನೂ ಕಾಣದು, ಒಂದು ನಿಮಿಷ ಕಾಯಿರಿ. ಕಾಯದೆ ಮತ್ತೆ ಮತ್ತೆ ತಿರುಗಿಸಿದರೆ ಬೆಲ್ಟ್ ಆ ಕಡೆಯಿಂದ ಈ ಕಡೆಗೆ ಓಡಾಡುತ್ತಲೇ ಇರುತ್ತದೆ. ಹೊಸ ಬೆಲ್ಟ್ ಕೆಲವು ದಿನಗಳ ಬಳಕೆಯಲ್ಲಿ ಸ್ವಲ್ಪ ಹಿಗ್ಗುತ್ತದೆ, ಆಗ ಇನ್ನೊಮ್ಮೆ ನೋಡಿ.

---

ಮುಂದಿನ ರೋಲರ್:

ನಿಮ್ಮ ಅಂಕಿಗಳು ಎಲ್ಲವನ್ನೂ ಹೇಳಿವೆ. ಫಲಕದ 6.2ರ ಎದುರು ಸಮತಟ್ಟಿನಲ್ಲಿ 7.8, ಏರಿಸಿದ ಕೂಡಲೇ 5.7. ಡೆಕ್ ಬದಲಾದ ಮೇಲೆ ಅದೇ 88 ಕೆಜಿ, ಅದೇ ವೇಗದಲ್ಲಿ ಮತ್ತೆ ಅಳೆಯಿರಿ. ಫಲಕದ ಅಂಕಿಗಿಂತ ಚೆನ್ನಾಗಿ ಕೆಳಗೆ ಬರಬೇಕು. ಬರದಿದ್ದರೆ ಬೇರಿಂಗ್ ಅಥವಾ ಮೋಟರ್ ಕಡೆ ನೋಡಬೇಕಾಗುತ್ತದೆ.

ಈಗ ಹೆಚ್ಚಿನವರು ಎದುರು ನೋಡದ ಸಂಗತಿ. ಡೆಕ್ ನುಣುಪಾದ ಮೇಲೆ ಓವರ್‌ಕರೆಂಟ್ ಹೋಗಿ ಓವರ್‌ವೋಲ್ಟೇಜ್ ಟ್ರಿಪ್ ಶುರುವಾಗಬಹುದು. ಕಡಿದಾದ ಏರಿನಲ್ಲಿ ಭಾರದ ರೋಗಿಯ ತೂಕದ ಎಳೆತ ಘರ್ಷಣೆಯನ್ನು ಮೀರಿದರೆ ರೋಗಿಯೇ ಬೆಲ್ಟನ್ನು ತಳ್ಳತೊಡಗುತ್ತಾರೆ. ಆಗ ಮೋಟರ್ ಜನರೇಟರ್ ಆಗಿ ವಿದ್ಯುತ್ತನ್ನು ಡ್ರೈವಿಗೆ ವಾಪಸ್ ಕಳಿಸುತ್ತದೆ. ಅದನ್ನು ಸುಟ್ಟುಹಾಕಲು ಬ್ರೇಕಿಂಗ್ ರೆಸಿಸ್ಟರ್ ಇರುತ್ತದೆ. ಸವೆದ ಡೆಕ್ಕಿನ ಘರ್ಷಣೆ ಇಷ್ಟು ದಿನ ಆ ರೆಸಿಸ್ಟರಿನ ಕೆಲಸ ತಾನೇ ಮಾಡುತ್ತಿದ್ದರಿಂದ ಅದು ಸುಟ್ಟುಹೋಗಿದ್ದರೂ ಯಾರಿಗೂ ಗೊತ್ತಾಗಿರುವುದಿಲ್ಲ. ಈಗ ಕವರ್ ತೆರೆದಿರುವಾಗಲೇ ಅದರ ಒಂದು ತುದಿ ಬಿಡಿಸಿ ಓಮ್ ಅಳೆಯಿರಿ, ಮೈಮೇಲೆ ಮುದ್ರಿಸಿದ ಬೆಲೆಗೆ ಹೊಂದಬೇಕು.

ಇದೇ ಕಾರಣಕ್ಕೆ ಇನ್ನೊಂದು ಎಚ್ಚರ. ಕಡಿದಾದ ಏರಿನಲ್ಲಿ ಕರೆಂಟ್ ಹೋದರೆ ಅಥವಾ ತುರ್ತು ಬಟನ್ ಮೋಟರಿನ ವಿದ್ಯುತ್ತನ್ನು ನೇರ ಕಡಿದರೆ, ಬ್ರೇಕ್ ಇಲ್ಲದ ಮಾಡೆಲಿನಲ್ಲಿ ಬೆಲ್ಟ್ ನಿಲ್ಲದೆ ರೋಗಿಯ ಭಾರಕ್ಕೆ ಹಿಂದಕ್ಕೆ ಜಾರಬಹುದು. ನುಣುಪು ಡೆಕ್ಕಿನಲ್ಲಿ ಇನ್ನೂ ಸುಲಭವಾಗಿ. ನಿಮ್ಮ ಮಾಡೆಲಿಗೆ ಮೋಟರ್ ಬ್ರೇಕ್ ಇದ್ದರೆ ಅದು ಹಿಡಿಯುತ್ತದೆಯೇ ನೋಡಿ. ಇಲ್ಲದಿದ್ದರೆ ಟಿಎಂಟಿ ಮಾಡಿಸುವ ಸಿಬ್ಬಂದಿಗೆ ಇದನ್ನು ಬಾಯಿಬಿಟ್ಟು ಹೇಳಿ. ಯಂತ್ರದ ಹಿಂದೆ ಕನಿಷ್ಠ 2 ಮೀಟರ್ ಜಾಗ ಖಾಲಿ ಇರಲಿ. ಆಮ್ಲಜನಕದ ಸಿಲಿಂಡರನ್ನೂ ಕ್ರ್ಯಾಶ್ ಕಾರ್ಟನ್ನೂ (ತುರ್ತು ಔಷಧದ ಗಾಡಿ) ಬದಿಗೆ ಇಡಬಹುದು.

ಹಳೆಯ ಡಿಸಿ ಮೋಟರ್ ಇರುವ ಮಾಡೆಲುಗಳನ್ನು ನೋಡಿಕೊಳ್ಳುವವರು ಇದನ್ನು ಓದುತ್ತಿದ್ದರೆ: ಅವುಗಳಲ್ಲಿ ಪ್ಲಗ್ ಕಿತ್ತಿದ್ದರೂ ಬೆಲ್ಟನ್ನು ಕೈಯಿಂದ ಜೋರಾಗಿ ಎಳೆಯಬಾರದು. ಕಾಯಂ ಅಯಸ್ಕಾಂತದ ಮೋಟರ್ ಅಷ್ಟಕ್ಕೇ ವೋಲ್ಟೇಜ್ ಹುಟ್ಟಿಸಿ ಕಂಟ್ರೋಲ್ ಬೋರ್ಡಿಗೆ ಕಳಿಸುತ್ತದೆ. ಮೊದಲು ಮೋಟರ್ ತಂತಿ ಬಿಡಿಸಿ.

---

ರಸಮಟ್ಟ:

ಬೆಲ್ಟ್, ರೋಲರ್, ಡೆಕ್ ಕಳಚಿದ ಮೇಲೆ ವೇಗ ಮತ್ತು ಏರನ್ನು ಅಳೆಯದೆ ಯಂತ್ರವನ್ನು ವಾಪಸ್ ಕೊಡುವ ಹಾಗಿಲ್ಲ. ಡಿಸ್‌ಪ್ಲೇ ತೋರಿಸುವುದು ರೋಲರ್ ಅಥವಾ ಮೋಟರ್ ಎಷ್ಟು ತಿರುಗಿತು ಎಂಬುದನ್ನು. ರೋಗಿ ನಡೆಯುವುದು ಬೆಲ್ಟಿನ ಮೇಲೆ.

ವೇಗ ಅಳೆಯಲು ಟೇಪ್ ಮತ್ತು ಸ್ಟಾಪ್‌ವಾಚ್ ಸಾಕು. ಬೆಲ್ಟಿನ ಅಂಚಿಗೆ ಬಿಳಿ ಟೇಪಿನ ಗುರುತು ಹಾಕಿ, ಪ್ಲಗ್ ಕಿತ್ತ ಸ್ಥಿತಿಯಲ್ಲಿ ಅಳತೆಪಟ್ಟಿಯಿಂದ ಪೂರ್ತಿ ಸುತ್ತಳತೆ ತೆಗೆಯಿರಿ. ಒಬ್ಬರು ನಡೆಯುತ್ತಿರುವಾಗಲೇ 20 ಸುತ್ತಿಗೆ ಎಷ್ಟು ಸೆಕೆಂಡು ಎಂದು ಅಳೆಯಿರಿ. ಮೀಟರಿನಲ್ಲಿ ಸುತ್ತಳತೆ, ಗುಣಿಸು 20, ಭಾಗಿಸು ಸೆಕೆಂಡು, ಗುಣಿಸು 3.6, ಉತ್ತರ ಗಂಟೆಗೆ ಕಿಮೀ. ಉದಾಹರಣೆಗೆ 3.30 ಮೀಟರ್ ಬೆಲ್ಟ್ ಆದರೆ ಬ್ರೂಸ್ ಮೊದಲ ಹಂತದ 2.7 ಕಿಮೀಗೆ 20 ಸುತ್ತು 88 ಸೆಕೆಂಡಿನಲ್ಲಿ ಆಗಬೇಕು, ಎರಡನೇ ಹಂತದ 4.0 ಕಿಮೀಗೆ 59.4, ಮೂರನೇ ಹಂತದ 5.5 ಕಿಮೀಗೆ 43.2. ಖಾಲಿ ಬೆಲ್ಟಿನಲ್ಲಿ ಅಳೆದು ಸರಿ ಇದೆ ಎಂದು ಬರೆದರೆ ಅದಕ್ಕೆ ಅರ್ಥವಿಲ್ಲ. ಇದೇ ಯಂತ್ರ ಖಾಲಿ ಓಡುವಾಗ ಸರಿ ಇತ್ತಲ್ಲ.

ಏರು ಅಳೆಯಲು ಒಂದು ಮೀಟರ್ ಉದ್ದದ ರಸಮಟ್ಟ ತನ್ನಿ. ಮೊದಲು 0%ನಲ್ಲಿ ಬೆಲ್ಟಿನ ಮೇಲಿಟ್ಟು ನೋಡಿ. ನೆಲವೇ ಓರೆ ಇದ್ದರೆ ಯಂತ್ರದ ಪಾದಗಳನ್ನು ಸರಿಮಾಡಿ, ಇಲ್ಲವಾದರೆ ಮುಂದಿನ ಅಳತೆಯೆಲ್ಲ ತಪ್ಪು. ಆಮೇಲೆ 10% ಕೊಟ್ಟು, ರಸಮಟ್ಟದ ಮುಂದಿನ ತುದಿಯನ್ನು ಬೆಲ್ಟಿಗೆ ಊರಿ, ಹಿಂದಿನ ತುದಿಯನ್ನು ಗುಳ್ಳೆ ನಡುವಿಗೆ ಬರುವ ತನಕ ಎತ್ತಿ. ಹಿಂದಿನ ತುದಿಯಿಂದ ಬೆಲ್ಟಿನವರೆಗೆ ನೇರ ಕೆಳಕ್ಕೆ ಸ್ಟೀಲ್ ಸ್ಕೇಲಿನಲ್ಲಿ ಅಳೆದರೆ 100 ಮಿಲಿಮೀಟರ್ ಬರಬೇಕು. 12%ಗೆ 120, 14%ಗೆ 140. ಲೆಕ್ಕಾಚಾರವೇ ಬೇಡ. ಮೊಬೈಲ್ ಅಥವಾ ಡಿಜಿಟಲ್ ಕೋನಮಾಪಕ ಬಳಸುವವರು ಡಿಗ್ರಿಯನ್ನು ಶೇಕಡ ಎಂದು ಓದಿಬಿಡುತ್ತಾರೆ. 10% ಎಂದರೆ 5.7 ಡಿಗ್ರಿ, 12% ಎಂದರೆ 6.8, 20% ಎಂದರೆ 11.3.

ಏರು ತಪ್ಪಿದ್ದರೆ ಆಕ್ಚುವೇಟರಿನ ಪೊಟೆನ್ಷಿಯೋಮೀಟರ್ ಜಾಗ ಬಿಟ್ಟಿರಬಹುದು, ಅಥವಾ ಪಿನ್ ತೆಗೆದಾಗ ಯಾರಾದರೂ ಅದರ ಕೊಳವೆಯನ್ನು ಕೈಯಲ್ಲಿ ತಿರುಗಿಸಿರಬಹುದು. ಒಂದು ಸುತ್ತು ತಿರುಗಿದರೂ ಸೊನ್ನೆಯ ಸ್ಥಾನ ಬದಲಾಗುತ್ತದೆ. ಸರ್ವಿಸ್ ಮೆನುವಿನಲ್ಲಿ ಕನಿಷ್ಠ–ಗರಿಷ್ಠ ಕ್ಯಾಲಿಬ್ರೇಶನ್ ಮತ್ತೆ ಮಾಡಿಸಿ.

ಇಷ್ಟು ಪಟ್ಟು ಹಿಡಿಯಲು ಕಾರಣವಿದೆ. ನಡಿಗೆಗೆ ಬಳಸುವ ಎಸಿಎಸ್‌ಎಂ (ಅಮೆರಿಕದ ಕ್ರೀಡಾ ವೈದ್ಯಕೀಯ ಸಂಸ್ಥೆ) ಸೂತ್ರದಲ್ಲಿ 4.0 ಕಿಮೀ, 12% ಏರಿಗೆ ಹಾಕಿ ನೋಡಿದರೆ ಸುಮಾರು 7.0 ಮೆಟ್ (ವಿಶ್ರಾಂತಿಯ ಎಷ್ಟು ಪಟ್ಟು ಶ್ರಮ ಎಂಬ ಅಳತೆ) ಬರುತ್ತದೆ. ನಿಜದ ವೇಗ 3.74 ಕಿಮೀ, ನಿಜದ ಏರು 10.5% ಆಗಿದ್ದರೆ ಅದು ಸುಮಾರು 6.1. ವರದಿಯಲ್ಲಿ 7 ಎಂದು ಅಚ್ಚಾಗುತ್ತದೆ, ವೈದ್ಯರು ಅದನ್ನೇ ನಂಬಿ ಮುಂದಿನ ಚಿಕಿತ್ಸೆ ಯೋಚಿಸುತ್ತಾರೆ. ಕಳೆದ ಪರೀಕ್ಷೆಗೆ ಹೋಲಿಸಿ ರೋಗಿ ಸುಧಾರಿಸಿದ್ದಾರೆ ಎಂದೂ ಅನ್ನಿಸಬಹುದು. ಇಲ್ಲಿ ಸುಧಾರಿಸಿದ್ದು ಯಾರೂ ಇಲ್ಲ, ಬೆಲ್ಟ್ ನಿಧಾನವಾಗಿದೆ ಅಷ್ಟೆ.

---

ಸ್ಟ್ರೆಸ್‌ಲ್ಯಾಬ್:

ರಸಮಟ್ಟದ ವಿಧಾನ ಬಹಳ ಉಪಯೋಗವಾಯಿತು, 12% ಎಂದಾಗ ನಮಗೆ 113 ಮಿಲಿಮೀಟರ್ ಬಂತು. ಕ್ಯಾಲಿಬ್ರೇಶನ್ ಮಾಡಬೇಕು. ಮುಂದಿನ ರೋಲರ್ ಹೇಳಿದ ಬ್ರೇಕಿಂಗ್ ರೆಸಿಸ್ಟರ್ ಓಪನ್ ಆಗಿದೆ (ಒಳಗೆ ಕಡಿದುಹೋಗಿದೆ)! ಅದೇ ಓಮ್, ಅದೇ ವ್ಯಾಟಿನ ಬಿಡಿಭಾಗಕ್ಕೆ ಹೇಳಿದ್ದೇವೆ.

ಕೊನೆಯ ಪ್ರಶ್ನೆ ವಿದ್ಯುತ್ ಸುರಕ್ಷತೆಯದು. ಜೊತೆಗೆ ಬೆಲ್ಟ್ ಓಡುವಾಗ ಇಸಿಜಿಯಲ್ಲಿ ಸಣ್ಣ ಗರಗರ ಬರುತ್ತದೆ ಎಂದು ತಂತ್ರಜ್ಞರು ಹೇಳುತ್ತಿದ್ದರು. ಅದು ಟ್ರೆಡ್‌ಮಿಲ್ಲಿನದೋ ಎಲೆಕ್ಟ್ರೋಡಿನದೋ ಬೇರ್ಪಡಿಸುವುದು ಹೇಗೆ?

---

ಅರ್ತ್ ತಂತಿ:

ರಿಪೇರಿಯ ನಂತರದ ಪರೀಕ್ಷೆಗೆ ಐಇಸಿ 62353 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. ಹೊಸ ಯಂತ್ರದ ವಿನ್ಯಾಸಕ್ಕೆ 60601-1, ಬಳಕೆಯಲ್ಲಿರುವ ಯಂತ್ರಕ್ಕೆ 62353. ತಯಾರಕರು ಇನ್ನೂ ಬಿಗಿಯಾದ ಮಿತಿ ಕೊಟ್ಟಿದ್ದರೆ ಅದೇ ಮೇಲು.

ಮೊದಲು ಅರ್ತ್. ಪ್ಲಗ್ಗಿನ ಅರ್ತ್ ಪಿನ್ನಿನಿಂದ ಯಂತ್ರದ ಲೋಹದ ಭಾಗಗಳಿಗೆ, ಕನಿಷ್ಠ 200 ಮಿಲಿಆಂಪಿಯರ್ ಹರಿಸಿ, ಪವರ್ ಕೇಬಲ್ ಸೇರಿ 0.3 ಓಮ್ ಮೀರಬಾರದು. ಒಂದೇ ಕಡೆ ಅಳೆದು ಮುಗಿಸಬೇಡಿ. ಮೋಟರ್ ಕವಚ, ಕೆಳಗಿನ ಫ್ರೇಮ್, ಏರುವ ಫ್ರೇಮ್, ಎರಡೂ ಕಡೆಯ ಕಂಬಿ, ಎಲ್ಲವೂ. ಏರುವ ಫ್ರೇಮಿಗೂ ಕೆಳಗಿನ ಫ್ರೇಮಿಗೂ ನಡುವೆ ಹಸಿರು–ಹಳದಿ ತಂತಿಯೊಂದು ಇರುತ್ತದೆ. ಡೆಕ್ ಬಿಚ್ಚುವಾಗ ಕಳಚಿ, ಜೋಡಿಸುವಾಗ ಮರೆತುಹೋಗುವ ತಂತಿ ಅದೇ. ಅಳೆಯುವಾಗ ಕೇಬಲನ್ನು ಅದರ ಉದ್ದಕ್ಕೂ ಬಗ್ಗಿಸಿ ನೋಡಿ, ಓದು ಕುಣಿದರೆ ಒಳಗೆ ಎಳೆ ಕಡಿದಿದೆ. ಪೇಂಟಿನ ಮೇಲೆ ಪ್ರೋಬ್ ಒತ್ತಿ ಫೇಲ್ ಎಂದು ಬರೆಯಬೇಡಿ, ಬರಿಯ ಲೋಹದ ಸ್ಕ್ರೂ ಹುಡುಕಿ.

ಇನ್ಸುಲೇಶನ್ 500 ವೋಲ್ಟ್ ಡಿಸಿಯಲ್ಲಿ, ಲೈನ್–ನ್ಯೂಟ್ರಲ್ ಜೋಡಿಸಿ ಅರ್ತಿಗೆ, ಕ್ಲಾಸ್ 1 (ಅರ್ತ್ ಜೋಡಿಸಿದ) ಯಂತ್ರಕ್ಕೆ 2 ಮೆಗಾಓಮ್‌ಗಿಂತ ಕಡಿಮೆ ಬರಬಾರದು. ತಯಾರಕರು ಈ ಪರೀಕ್ಷೆ ಬೇಡ ಎಂದಿದ್ದರೆ ಬಿಡಿ. ಮೋಟರನ್ನೇ ಬೇರೆಯಾಗಿ ಮೆಗ್ಗರ್ (ಇನ್ಸುಲೇಶನ್ ಅಳತೆ) ಮಾಡುವುದಾದರೆ ಡ್ರೈವಿನಿಂದ ಮೂರೂ ತಂತಿ ಬಿಡಿಸಲೇಬೇಕು, ಇಲ್ಲವಾದರೆ ಡ್ರೈವ್ ಸುಡುತ್ತದೆ.

ಲೀಕೇಜ್ ಕರೆಂಟ್ ನೇರ ವಿಧಾನದಲ್ಲಿ, ಬೆಲ್ಟ್ ನಿಜವಾಗಿ ಓಡುತ್ತಿರುವಾಗ ಅಳೆಯಿರಿ, ಮಿತಿ 500 ಮೈಕ್ರೋಆಂಪಿಯರ್. ಯಂತ್ರ ಆಫ್ ಇದ್ದಾಗ ಡ್ರೈವಿನ ಸೋರಿಕೆ ಕಾಣಿಸುವುದೇ ಇಲ್ಲ. ಪ್ಲಗ್ ಎರಡು ದಿಕ್ಕಿನಲ್ಲಿ ಹಾಕಬಹುದಾದ ಬಗೆಯದಾದರೆ ಎರಡೂ ದಿಕ್ಕಿನಲ್ಲಿ. ಟ್ರೆಡ್‌ಮಿಲ್ಲನ್ನು ಇಸಿಜಿ ಟ್ರಾಲಿಯ ಐಸೊಲೇಶನ್ ಟ್ರಾನ್ಸ್‌ಫಾರ್ಮರಿನ ಸಾಕೆಟ್ಟಿಗೆ ಎಂದೂ ಚುಚ್ಚಬೇಡಿ. ಅದಕ್ಕೆ ಗೋಡೆಯಲ್ಲಿ ತನ್ನದೇ ಸರ್ಕ್ಯೂಟ್ ಬೇಕು, ನಡುವೆ ಎಕ್ಸ್‌ಟೆನ್ಶನ್ ಬೋರ್ಡು ಬೇಡ.

ಇಸಿಜಿಯ ಗರಗರ ಬೇರ್ಪಡಿಸಲು ಇಸಿಜಿ ಸಿಮ್ಯುಲೇಟರ್ ತನ್ನಿ. ರೋಗಿಯ ಕೇಬಲನ್ನು ಅದಕ್ಕೆ ಸಿಕ್ಕಿಸಿ, ಕಂಬಿಯ ಮೇಲೆ ರೋಗಿಯ ಎದೆಯ ಎತ್ತರಕ್ಕೆ ಕಟ್ಟಿ, ಬೆಲ್ಟನ್ನು ಖಾಲಿ ಓಡಿಸಿ. ಗೆರೆ ಶುದ್ಧವಾಗಿದ್ದರೆ ಟ್ರೆಡ್‌ಮಿಲ್ ನಿರ್ದೋಷಿ, ಚರ್ಮ ಉಜ್ಜಿ ಸ್ವಚ್ಛ ಮಾಡುವುದು, ಎಲೆಕ್ಟ್ರೋಡ್, ತಂತಿಗಳ ಓಲಾಟ ಇವನ್ನು ನೋಡಿ. ಬೆಲ್ಟ್ ಶುರುವಾದ ಕ್ಷಣಕ್ಕೇ ಗರಗರ ಬಂದು ನಿಂತ ಕ್ಷಣಕ್ಕೇ ಹೋದರೆ ಅದು ಡ್ರೈವಿನದು. ಡ್ರೈವಿನಿಂದ ಮೋಟರಿಗೆ ಹೋಗುವ ಕೇಬಲಿನ ಲೋಹದ ಜಾಲರಿ ಎರಡೂ ತುದಿಯಲ್ಲಿ ಕ್ಲಾಂಪಿನ ಕೆಳಗೆ ಸುತ್ತಲೂ ಒತ್ತಿ ಕೂತಿದೆಯೇ ನೋಡಿ. ಜಾಲರಿಯನ್ನು ಜಡೆ ಹಾಕಿ ಒಂದು ತಂತಿಯಂತೆ ಸ್ಕ್ರೂಗೆ ಕಟ್ಟಿದ್ದರೆ ಗದ್ದಲ ಹೊರಬರುತ್ತದೆ. ಖಾಲಿ ಓಡುವಾಗ ಶುದ್ಧ, ಯಾರಾದರೂ ನಡೆದಾಗ ಮಾತ್ರ ಚುಚ್ಚಿದಂತೆ ಗೆರೆ ಬಂದರೆ ಬೆಲ್ಟಿನ ಸ್ಥಾಯಿ ವಿದ್ಯುತ್ ಇರಬಹುದು. ಒಣ ಹವೆಯಲ್ಲಿ ಇದು ಜಾಸ್ತಿ. ಹೊಸ ಬೆಲ್ಟ್ ತರಿಸುವಾಗ ಆಂಟಿಸ್ಟಾಟಿಕ್ ಬಗೆಯದೇ ಬಂದಿದೆಯೇ ಖಚಿತಪಡಿಸಿಕೊಳ್ಳಿ.

---

ಮುಂದಿನ ರೋಲರ್:

ರೋಗಿಯನ್ನು ಹತ್ತಿಸುವ ಮುಂಚೆ ನಿಲ್ಲಿಸುವ ಪರೀಕ್ಷೆಗಳು ಬಾಕಿ ಇವೆ, ಎಲ್ಲವೂ ಖಾಲಿ ಬೆಲ್ಟಿನಲ್ಲಿ. 3 ಕಿಮೀಯಲ್ಲಿ ಓಡುವಾಗ ಕೆಂಪು ತುರ್ತು ಬಟನ್ ಒತ್ತಿ: ನಿಲ್ಲಬೇಕು, ಬಟನ್ ಬಿಡಿಸಿದಾಗ ತಾನಾಗಿ ಓಡಬಾರದು. ಅಯಸ್ಕಾಂತದ ದಾರದ ಕೀ ಎಳೆದು ಅದನ್ನೇ ನೋಡಿ. ಓಡುವಾಗ ಗೋಡೆಯ ಸ್ವಿಚ್ ಆಫ್ ಮಾಡಿ ಮತ್ತೆ ಹಾಕಿ, ಆಗಲೂ ತಾನಾಗಿ ಶುರುವಾಗಬಾರದು. ಕೊನೆಗೆ ಇಸಿಜಿ ಕಂಪ್ಯೂಟರಿನಿಂದ ಬ್ರೂಸ್ ಓಡಿಸಿ, ನಡುವೆ ಆರ್‌ಎಸ್-232 ಕೇಬಲ್ ಕೀಳಿ. ಪುಸ್ತಕದಲ್ಲಿ ಬರೆದಂತೆ ನಿಧಾನವಾಗಿ ನಿಲ್ಲಬೇಕೋ ಎಚ್ಚರಿಕೆ ಕೊಡಬೇಕೋ ಅದನ್ನೇ ಮಾಡಬೇಕು. ತುರ್ತು ಬಟನ್ನಿನ ಸಂಪರ್ಕವನ್ನು ಪರೀಕ್ಷೆಗೆಂದು ತಂತಿ ತುಂಡು ಹಾಕಿ ಜೋಡಿಸಿದ್ದರೆ ಕವರ್ ಮುಚ್ಚುವ ಮುಂಚೆ ಅದನ್ನು ಕೈಯಲ್ಲಿ ಹಿಡಿದು ಎಣಿಸಿ.

ರೆಸಿಸ್ಟರ್ ಬರುವ ತನಕ ಚೀಟಿ ತೆಗೆಯಬೇಡಿ. ದಾಖಲೆಯಲ್ಲಿ ಡೆಕ್ ತಿರುಗಿಸುವ ಮುಂಚಿನ 7.8 ಆಂಪಿಯರ್, 113 ಮಿಲಿಮೀಟರ್ ಮತ್ತು ನಂತರದ ಅಂಕಿಗಳು ಎರಡೂ ಇರಲಿ, ಅಳೆದ ಉಪಕರಣದ ಸಂಖ್ಯೆಯೂ ಇರಲಿ. ಆ 113ರ ವಿಷಯವನ್ನು ವೈದ್ಯರಿಗೂ ತಿಳಿಸಿ. ಹಿಂದಿನ ವರದಿಗಳನ್ನು ಹೋಲಿಸುವಾಗ ಅವರಿಗೆ ಅದು ಬೇಕಾಗುತ್ತದೆ.